ರೋಗಿಯ ಮನೆಯ ನೀರು ಮುಟ್ಟದ ಹೊಟ್ಟಿ ಡಾಕ್ಟ್ರು

ಆಳಂದದ ಪೇಟೆಯಲ್ಲಿ ಡಾಕ್ಟರ್ ಹಣಮಂತ್ರಾಯರ ದವಾಖಾನೆಗೆ ದಾರಿ ಕೇಳಿದರೆ ಜನ ಕೈ ತೋರಿಸುತ್ತಿರಲಿಲ್ಲ, ಕಿವಿ ತೋರಿಸುತ್ತಿದ್ದರು. "ಬೈಯೋ ದನಿ ಕೇಳಾಕತ್ತದಲ್ಲ, ಆ ಕಡಿಗೇ ಹೋಗ್ರಿ. ಅವರೇ ಹೊಟ್ಟಿ ಡಾಕ್ಟ್ರು."

ಹೊಟ್ಟಿ ಡಾಕ್ಟ್ರು ಎಂಬ ಹೆಸರು ಅವರು ಬೇಡಿ ಪಡೆದದ್ದಲ್ಲ. ಸರಸಂಬಾದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ವೈದ್ಯ ಕಲಿತು, ಎದೆ ಕಣ್ಣು ಎಲುಬು ಎಲ್ಲವನ್ನೂ ನೋಡುವ ಹುಮ್ಮಸ್ಸಿನಲ್ಲಿ ಊರ ಕಡೆ ಬಂದವರು. ಬಂದು ನೋಡಿದರೆ ಎಲ್ಲ ರೋಗಗಳಿಗೂ ಮೊದಲೇ ಒಡೆಯರಿದ್ದರು. ಜ್ವರ ಹಕೀಮರ ಪಾಲು. ಎಲುಬು ಪೈಲವಾನರ ಪಾಲು. ಹಾವು ಚೇಳು ಮಂತ್ರದವರ ಪಾಲು. ಕಣ್ಣು ಸಂತೆಗೆ ಬರುವ ಸುರ್ಮಾದವನ ಪಾಲು. ಉಳಿದದ್ದು ಹೊಟ್ಟೆ. ಅದೂ ನೆಟ್ಟಗೆ ಬರುತ್ತಿರಲಿಲ್ಲ. ಬಟ್ಟಿ ಸರಿದಿದೆ ಎಂದು ಒಬ್ಬಳು ಹೊಕ್ಕುಳು ತಿಕ್ಕಿ, ದೃಷ್ಟಿಯಾಗಿದೆ ಎಂದು ಇನ್ನೊಬ್ಬಳು ಮೆಣಸಿನಕಾಯಿ ಸುಟ್ಟು, ಮತ್ತೊಬ್ಬ ಕಾಸಿದ ಕಬ್ಬಿಣದಿಂದ ಹೊಟ್ಟೆಯ ಮೇಲೆ ಬರೆ ಎಳೆದು, ಎಲ್ಲರೂ ಕೈ ಝಾಡಿಸಿಕೊಂಡ ಮೇಲೆ ಆ ಹೊಟ್ಟೆ ಬಂಡಿ ಏರಿ ಬಂದು ಹಣಮಂತ್ರಾಯರ ಕಟ್ಟೆಯ ಮೇಲೆ ಬೀಳುತ್ತಿತ್ತು. ಅವರು ಮೊದಲು ಬರೆಗೆ ಮುಲಾಮು ಹಚ್ಚಬೇಕು, ಆಮೇಲೆ ಹೊಟ್ಟೆ ಮುಟ್ಟಬೇಕು. ಸಿಟ್ಟು ಬರದೆ ಇನ್ನೇನು ಬಂದೀತು?

ಮೈ ನೋಡುವುದಕ್ಕಿಂತ ಮಾತು ಹೊರಡಿಸುವುದೇ ಅವರಿಗೆ ದೊಡ್ಡ ಕೆಲಸವಾಗಿತ್ತು.

"ನಿನ್ನಿ ಏನು ಉಂಡಿದ್ದಿ?"

"ಏನೂ ಉಂಡಿಲ್ರಿ ಸಾಹೇಬ್ರ."

"ಒಂದು ತುತ್ತೂ ಇಲ್ಲ?"

"ರೊಟ್ಟಿ ಮಾರಿ ನೋಡಿಲ್ರಿ."

"ರೊಟ್ಟಿ ಬಿಡೋ ಮಾರಾಯ. ಬ್ಯಾರೆ ಏನರ ಬಾಯಾಗ ಹಾಕ್ಕೊಂಡಿಯೇನು?"

"ಬ್ಯಾರೆ ಏನ್ರಿ... ಮುಂಜಾನಿ ಬೀಗರು ಬಂದಿದ್ರು, ಅವರ ಜೋಡಿ ಜರಾ ಚುರಮುರಿ ಸುಸಲಾ. ಹೊಲದಾಗ ಹಸಿ ಶೇಂಗಾ. ಸಂಜಿಗಿ ಸಂತ್ಯಾಗ ಮಿರ್ಚಿ ಭಜಿ. ಊಟ ಮಾತ್ರ ಬಿಲ್ಕುಲ್ ಮಾಡಿಲ್ರಿ."

ಜೋಳದ ರೊಟ್ಟಿ ಬಾಯಿಗೆ ಹೋಗದಿದ್ದರೆ ಅದು ಊಟವೇ ಅಲ್ಲ ಎಂಬುದು ಈ ಸೀಮೆಯ ನಂಬಿಕೆ. ಪಥ್ಯ ಮಾಡು ಎಂದರೆ ರೊಟ್ಟಿಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನಿಶ್ಚಿಂತೆಯಿಂದ ತಿನ್ನುತ್ತಿದ್ದರು. ಅದರ ಮೇಲೆ ರೋಗಿಯನ್ನು ಮಾತಾಡಿಸಲು ಬರುವ ಬಳಗ. ಬೇನೆ ಬಿದ್ದವರ ಮನೆಗೆ ಬರಿಗೈಯಲ್ಲಿ ಹೋಗಬಾರದು. ತಂದವರ ಕಣ್ಣೆದುರಿಗೇ ರೋಗಿ ಒಂದು ತುತ್ತು ತಿನ್ನಬೇಕು, ಇಲ್ಲದಿದ್ದರೆ ಸಂಬಂಧ ಕೆಟ್ಟಿತು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ತುತ್ತು ನಡೆಸಿ, ಗಂಜಿಯ ಮೇಲಿರಬೇಕಾದವನು ಶೇಂಗಾ ಹೋಳಿಗೆ, ಮಾದಲಿ, ಕರಿದ ಕಡಬು ಎಲ್ಲದರ ರುಚಿ ನೋಡಿ ಮತ್ತೆ ಕಟ್ಟೆಗೆ ಬಂದು ನರಳುತ್ತ ಮಲಗುತ್ತಿದ್ದ. "ನಿಮ್ಮ ದವಾ ಹತ್ತಲಿಲ್ರಿ" ಎಂಬ ದೂರು ಬೇರೆ.

ಹಣಮಂತ್ರಾಯರು ಹಟ ಹಿಡಿದು ಹೇಳಿಕೊಂಡು ಬಂದ ಮಾತು ಇನ್ನೊಂದಿತ್ತು. ಹೊಟ್ಟೆಯ ಉರಿಗೆ ಅವರು ಹುಳಿ ಮಜ್ಜಿಗೆ, ಜೋಳದ ಅಂಬಲಿ ಹೇಳುತ್ತಿದ್ದರು. ಜನ ಅದನ್ನು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಇಡುತ್ತಿದ್ದರು. ಹುಳಿ ಹಿತ್ತಾಳೆ ತಿಂದು ಹಸಿರಾಗಿ, ಕುಡಿದವನು ಕಾರಿಕೊಳ್ಳುತ್ತಿದ್ದ. ಅದಕ್ಕೇ ದವಾಖಾನೆಯ ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದ್ದರು: ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದು. ಓದು ಬಾರದವರಿಗಾಗಿ ಅದನ್ನೇ ಬಾಯಿಯಿಂದ ಒದರುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತವರ ಎಣ್ಣೆ ತಲೆಗಳಿಂದ ಅಕ್ಷರಗಳೇ ಅರ್ಧ ಮಾಸಿದ್ದವು.

ಅವರ ಇನ್ನೊಂದು ನೇಮ ಇಡೀ ತಾಲೂಕಿಗೆ ಗೊತ್ತಿತ್ತು, ಇಡೀ ತಾಲೂಕಿಗೆ ಅದರ ಮೇಲೆ ಸಿಟ್ಟೂ ಇತ್ತು. ರೋಗಿಯ ಮನೆಯಲ್ಲಿ ಅವರು ಉಣ್ಣುವುದಿರಲಿ, ಹನಿ ನೀರೂ ಮುಟ್ಟುತ್ತಿರಲಿಲ್ಲ. ಛಕಡಿಯಲ್ಲಿ ತಮ್ಮದೇ ಮಣ್ಣಿನ ಹೂಜಿ ಇಟ್ಟುಕೊಂಡು ಹೋಗುತ್ತಿದ್ದರು. ಜಾತಿಯ ಗರ್ವ ಎಂದರು ಕೆಲವರು, ಹೈದರಾಬಾದಿನ ಗರ್ವ ಎಂದರು ಕೆಲವರು. ಕಾರಣ ಅದ್ಯಾವುದೂ ಅಲ್ಲ. ಹೊಟ್ಟೆ ನೋಡುವವನು ಒಲೆಯನ್ನೂ ನೋಡಬೇಕಾಗುತ್ತದೆ. ಒಲೆ ನೋಡಿ ಬಂದ ಮೇಲೆ ಅಲ್ಲೇ ಉಣ್ಣುವುದು ಅವರಿಂದ ಆಗುತ್ತಿರಲಿಲ್ಲ. ಅದೂ ಅಲ್ಲದೆ, ಒಂದು ಮನೆಯಲ್ಲಿ ಉಂಡರೆ ಎಲ್ಲ ಮನೆಯಲ್ಲೂ ಉಣ್ಣಬೇಕಾದೀತು ಎಂಬ ಅಂಜಿಕೆ.

ಆ ಅಂಜಿಕೆಗೂ ಕಾರಣವಿತ್ತು. ಹೊಟ್ಟೆ ಡಾಕ್ಟರ ಹೊಟ್ಟೆಯೇ ನೆಟ್ಟಗಿರಲಿಲ್ಲ. ಮೊದಲು ಬರೇ ಉರಿಯಿತ್ತು. ಎರಡನೇ ಮಹಾಯುದ್ಧ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಹೊಕ್ಕುಳ ಸುತ್ತ ಹಗ್ಗ ಹಾಕಿ ತಿರುವಿದಂಥ ನೋವೂ ಸೇರಿಕೊಂಡಿತು. ಬಾಯಲ್ಲಿ ಯಾವಾಗಲೂ ನಾಣ್ಯ ಚೀಪಿದಂಥ ರುಚಿ. ಹಳ್ಳಿಯವರೊಡನೆ ಕೂಗಾಡಿ ಕೂಗಾಡಿ ಪಿತ್ತ ಕೆರಳಿದೆ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು.

ಹೆಂಡತಿ ತುಳಜಾಬಾಯಿ, ಸೋಲಾಪುರ ಕಡೆಯ ಹೆಣ್ಣುಮಗಳು, ಅದನ್ನು ಒಪ್ಪಿಕೊಂಡಿದ್ದಳು. "ಹಗಲೆಲ್ಲಾ ನಾಲಿಗಿ ಮ್ಯಾಲ ಬೈಗುಳ ಇಟ್ಕೊಂಡ್ರ ಬಾಯಿ ಕಹಿ ಆಗದ ಸಿಹಿ ಆಗ್ತದೇನ್ರಿ? ಊರ ಮಂದಿ ಹೊಟ್ಟಿ ಒತ್ತಿ ನೋಡ್ತೀರಿ. ನಿಮ್ಮ ಹೊಟ್ಟಿ ಯಾರ ಒತ್ತಬೇಕು?" ಎಂದು, ಹಿತ್ತಾಳೆ ಚರಿಗೆಯಿಂದ ಹುಳಿ ಮಜ್ಜಿಗೆ ಬಗ್ಗಿಸಿ ಕೊಡುತ್ತಿದ್ದಳು. ಚರಿಗೆಗೆ ಆಗಾಗ ಹೊಸ ಕಲಾಯಿ. ಡಾಕ್ಟರ ಮನೆಯಲ್ಲವೇ.

ಹೀಗೆ ಯಾರೂ ಮಾತು ಕೇಳದ ಕಾಲದಲ್ಲಿ ಒಬ್ಬಳು ಕೇಳುವವಳು ಸಿಕ್ಕಳು. ನಿಂಬರ್ಗಾದ ಸೈದಪ್ಪನ ಹೆಂಡತಿ ಭಾಗಮ್ಮ. ಸೈದಪ್ಪ ತೊಗರಿ ಜೋಳ ಬೆಳೆಯುವ ರೈತ, ನಿಂಬೆವ್ವ ಎಂಬ ವಿಧವೆಯ ಒಬ್ಬನೇ ಮಗ. ವರ್ಷದಿಂದ ಹೊಟ್ಟೆನೋವು. ಮೊದಲು ಊಟವಾದ ಮೇಲೆ ಉರಿಯುತ್ತಿದ್ದದ್ದು ಬರಬರುತ್ತ ಹೊಕ್ಕುಳ ಸುತ್ತ ತಿರುವುತ್ತಿತ್ತು. ಬಯಲಕಡೆ ಸರಿಯಾಗಿ ಆಗುತ್ತಿರಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಬಾಯಾಗ ಪಾವಲಿ ಇಟ್ಕೊಂಡಂಗ ಆಗ್ತದ್ರಿ ಸಾಹೇಬ್ರ" ಎನ್ನುತ್ತಿದ್ದ ಸೈದಪ್ಪ.

"ನನಗೂ ಹಂಗೇ ಆಗ್ತದ. ನಿಮ್ಮಂಥವ್ರ ಜೋಡಿ ಮಾತಾಡಿ ಮಾತಾಡಿ" ಎಂದು ಹಣಮಂತ್ರಾಯರು ಅವನ ಬಾಯಿ ತೆರೆಸಿ ನೋಡಿದ್ದರು. ಒಸಡುಗಳ ಅಂಚು ಕಪ್ಪುನೀಲಿ. "ಮಿಶ್ರಿ ತಿಕ್ಕೂದು ಬಿಡೋ ಲೇ" ಎಂದು ಗದರಿ ಬಾಯಿ ಮುಚ್ಚಿಸಿದ್ದರು. ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿ ಹಲ್ಲು ಒಸಡು ಕಪ್ಪು ಮಾಡಿಕೊಳ್ಳದವರು ಆ ಸೀಮೆಯಲ್ಲಿ ಯಾರಿದ್ದರು?

ಭಾಗಮ್ಮ ಜೇವರ್ಗಿ ಕಡೆಯವಳು, ಮಾತು ಕಡಿಮೆ, ನೆನಪು ಗಟ್ಟಿ. ಡಾಕ್ಟರು ಹೇಳಿದ್ದನ್ನು ಅವರಿಗೇ ತಿರುಗಿ ಒಪ್ಪಿಸುತ್ತಿದ್ದಳು.

"ಖಾರ ಬಿಡಿಸೀನ್ರಿ. ಮಾತಾಡ್ಸಾಕ ಬಂದೋರಿಗಿ ಕೈಮುಗಿದು, ಬುತ್ತಿ ವಾಪಸ್ ಕಳಿಸೀನ್ರಿ. ಹೊತ್ತು ಹೊತ್ತಿಗಿ ಹುಳಿ ಮಜ್ಜಿಗಿ, ಅಂಬಲಿ. ತೌರಿಂದ ನಾ ತಂದ ಹಿತ್ತಾಳಿ ಬೋಗುಣಿ ಅವರ ಸಲುವಾಗೇ ಬ್ಯಾರೆ ಇಟ್ಟೀನಿ. ಕಲಾಯಿ ಮಾಸಿದ ಕೂಡ್ಲೇ ಮತ್ತ ಹಚ್ಚಿಸ್ತೀನ್ರಿ."

ಬುತ್ತಿ ವಾಪಸ್ಸು ಕಳಿಸಿದ ಸೊಸೆ! ಬಳಗವೆಲ್ಲ ಅವಳ ಮೇಲೆ ಹಲ್ಲು ಕಡಿಯುತ್ತಿತ್ತು. ಹಣಮಂತ್ರಾಯರಿಗೆ ಮಾತ್ರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನೋಡ್ರಿ, ಈ ಹೆಣ್ಮಗಳ್ನ ನೋಡಿ ಕಲೀರಿ!" ಎಂದು ಕಟ್ಟೆಯ ಮೇಲಿದ್ದವರನ್ನೆಲ್ಲ ಬೈದಿದ್ದರು. ಆದರೆ ಅವಳು ಎಷ್ಟೆಷ್ಟು ಚೊಕ್ಕವಾಗಿ ಪಥ್ಯ ನಡೆಸಿದಳೋ ಸೈದಪ್ಪ ಅಷ್ಟಷ್ಟು ಸೊರಗಿದ. ಕದ್ದು ಕಡಬು ತಿನ್ನುವವರು ನಾಲ್ಕು ದಿನಕ್ಕೆ ಎದ್ದು ಓಡಾಡುತ್ತಿದ್ದರು, ಪಥ್ಯ ಮಾಡಿದವನು ಹಾಸಿಗೆ ಹಿಡಿದ. ಇದೊಂದು ಹಣಮಂತ್ರಾಯರಿಗೆ ಮುಖದ ಮೇಲೆ ಹೊಡೆದ ಹಾಗಾಗಿತ್ತು.

ಒಂದು ದಿನ ನಿಂಬೆವ್ವ ಒಬ್ಬಳೇ ಬಂದಳು. ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಮಾತಾಡಿದಳು.

"ಇನ್ನ ನಿಮ್ಮ ದವಾ ಸಾಕ್ರಿ, ಡಾಕ್ಟ್ರ. ಬ್ಯಾನಿ ಏನಂತ ತಿಳೀತು. ಸೊಸಿ ಮದ್ದು ಹಾಕ್ಯಾಳ."

ಹಣಮಂತ್ರಾಯರ ಹುಬ್ಬು ಮೇಲೇರಿತು. ಗಂಡನನ್ನು ಕೈಯಲ್ಲಿಟ್ಟುಕೊಳ್ಳಲು ಹೆಂಗಸರು ಅನ್ನದಲ್ಲಿ ಏನೋ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿ ಬೆಳೆಯುತ್ತದೆ, ಅದೇ ಮದ್ದು. ಕಾರಿಸಿ ಅದನ್ನು ತೆಗೆಯುವವರೂ ಊರೂರಲ್ಲಿದ್ದರು. ಹೊಟ್ಟೆಯೊಳಗೆ ಅಂಥದ್ದೊಂದು ಉಂಡೆ ಇರುವುದೇ ಇಲ್ಲ ಎಂದು ಹೇಳಿ ಹೇಳಿ ಹಣಮಂತ್ರಾಯರ ಗಂಟಲು ಹರಿದಿತ್ತು.

"ಮದ್ದೂ ಇಲ್ಲ, ಮಣ್ಣೂ ಇಲ್ಲ! ಯಾವಾಕಿ ಹೇಳಿದಾಕಿ ನಿನಗ?"

"ಯಾರೂ ಹೇಳಿಲ್ರಿ. ನಾನೇ ಕಣ್ಣಾರೆ ನೋಡೀನಿ. ಘತ್ತರಗಿ ಭಾಗ್ಯವಂತಿಗಿ ಹರಕಿ ಹೊತ್ತು ಮಗನ್ನ ಕರ್ಕೊಂಡು ಹೋಗಿದ್ದೆ. ಅಮಾಸಿಯಿಂದ ಹುಣ್ಣಿಮಿ ತನಕ ತಂಗಿ ಮನ್ಯಾಗ ಇದ್ವಿ. ಗಡಗ್ಯಾಗ ಕುದಿಸಿದ ನುಚ್ಚು ಉಂಡು ಮಗ ಎದ್ದು ಕುಂತ. ಹೊಳಿ ತನಕ ನಡದ. ನಕ್ಕ. ಮನಿಗಿ ಬಂದು ಹೆಂಡ್ತಿ ಕೈ ಅಂಬಲಿ ಕುಡದ, ಮತ್ತ ನೆಲ ಹಿಡದ. ಇದಕ್ಕೇನಂತೀರಿ?"

ಹಣಮಂತ್ರಾಯರು ಮುದುಕಿಯ ಲೆಕ್ಕದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ.

"ಮದ್ದಲ್ಲ ಅಂತೀರಲ್ಲ. ಹಂಗಾರ ಏನಾಗ್ಯಾದ, ಹೇಳ್ರಿ" ಎಂದಳು ನಿಂಬೆವ್ವ. ಆ ದನಿಯಲ್ಲಿ ಕೊಂಕಿರಲಿಲ್ಲ. ಒಬ್ಬನೇ ಮಗ ಕೈ ಜಾರುತ್ತಿರುವ ತಾಯಿಯ ನಡುಕವಿತ್ತು. ಸೆರಗು ಹೊದ್ದುಕೊಂಡಳು. "ನಾಡದು ಬಂಡಿ ಕಟ್ತೀವ್ರಿ. ಆಕೀನ್ನ ಜೇವರ್ಗಿಗಿ ಬಿಟ್ಟು ಬರ್ತೀವಿ. ಯಾಕ ಬಿಟ್ವಿ ಅಂತ ನಾಲ್ಕು ಮಂದಿಗಿ ಹೇಳೇ ಬಿಡ್ತೀವಿ."

ಮದ್ದು ಹಾಕಿದವಳು ಎಂಬ ಹೆಸರು ಹೊತ್ತು ತವರಿಗೆ ಹೋದವಳ ಬಾಳು ಏನಾಗುತ್ತದೆ ಎಂದು ಹಣಮಂತ್ರಾಯರಿಗೆ ಗೊತ್ತಿತ್ತು. ಸರಸಂಬಾದಲ್ಲಿ ಅವರು ಚಿಕ್ಕವರಿದ್ದಾಗ ಅಂಥವಳೊಬ್ಬಳಿದ್ದಳು. ಎಲ್ಲರೂ ನೀರು ಸೇದಿ ಹೋದ ಮೇಲೆ ಅವಳು ಬಾವಿಗೆ ಬರಬೇಕು. ತಮ್ಮನ ಮಕ್ಕಳಿಗೆ ಒಂದು ಚೂರು ಬೆಲ್ಲ ಕೊಟ್ಟರೂ ನಾದಿನಿ ಓಡಿಬಂದು ಮಗುವಿನ ಬಾಯಿಗೆ ಬೆರಳು ಹಾಕಿ ತೆಗೆಯುತ್ತಿದ್ದಳು. ಸಾಯುವ ತನಕ ಅವಳ ಕೈಯಿಂದ ಯಾರೂ ಏನೂ ತಿನ್ನಲಿಲ್ಲ.

ಆ ದಿನ ಅವರು ಮನೆಯಲ್ಲಿ ಯಾರನ್ನೂ ಬೈಯಲಿಲ್ಲ. ತುಳಜಾಬಾಯಿಗೆ ಗಾಬರಿಯೇ ಆಯಿತು.

ಮರುದಿನ ಮುಂಜಾನೆ ಕಲಾಯಿ ಮೌಲಾಲಿ ಹೊಟ್ಟೆ ಹಿಡಿದುಕೊಂಡು ಬಂದ. ತಿದಿ, ಇದ್ದಿಲು, ನವಸಾಗರದ ಚೀಲ ಹೊತ್ತು ಆಳಂದದಿಂದ ನಿಂಬರ್ಗಾ ತನಕ ಹಳ್ಳಿ ಹಳ್ಳಿ ತಿರುಗಿ ಪಾತ್ರೆಗೆ ಕಲಾಯಿ ಹಾಕುವವನು. ಹೆಂಡತಿ ತೀರಿ ಎಷ್ಟೋ ವರ್ಷ. ತಾನೇ ಬೇಯಿಸಿಕೊಂಡು ತಿನ್ನುವ ಒಂಟಿ ಜೀವ.

"ಸಾಬ್, ಪೇಟ್ ಮೆ ಏಕ್ ಹಾವು ಹೊಕ್ಕಂಗ ಅದ. ಸುತ್ತಿ ಸುತ್ತಿ ಹಿಂಡ್ತದ. ಬಯಲಕಡಿ ಬಂದ್. ಬಾಯಾಗ ಲೋಹ ಚೀಪಿದಂಗ."

ಹಣಮಂತ್ರಾಯರು ಬೇಸರದಿಂದಲೇ ಅವನ ಬಾಯಿ ತೆರೆಸಿದರು. ಹಲ್ಲುಗಳು ಬೆಳ್ಳಗಿದ್ದವು. ಒಸಡಿನ ಅಂಚಿಗೆ ಮಾತ್ರ ಪೆನ್ಸಿಲಿನಿಂದ ಎಳೆದಂತೆ ಸಣ್ಣ ನೀಲಿ ಗೆರೆ.

"ಮಿಶ್ರಿ ಹಚ್ಚತಿಯೇನು?"

"ತೋಬಾ ತೋಬಾ. ಬೇವಿನ ಕಡ್ಡಿ ಬಿಟ್ರ ನನ್ನ ಹಲ್ಲಿಗಿ ಏನೂ ತಾಗಿಲ್ರಿ ಸಾಬ್."

ಹಣಮಂತ್ರಾಯರು ಅವನ ಗದ್ದ ಹಿಡಿದವರು ಬಿಡಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಒಬ್ಬ ಮುದುಕನನ್ನು ತಂದು ನಿಲ್ಲಿಸಿ ಗುರುಗಳು ಇದೇ ಗೆರೆ ತೋರಿಸಿದ್ದರು. ಸೀಸ ಮೈಗೆ ಸೇರಿದವರ ಗುರುತು ಎಂದಿದ್ದರು.

"ಮೌಲಾಲಿ, ನಿನ್ನ ಕಲಾಯಿ ಕಡ್ಡಿ ಎಲ್ಲಿಂದ ಬರ್ತಾವ?"

"ಎಲ್ಲಿ ಕಲಾಯಿ ಸಾಬ್! ಕಲಾಯಿ ತವರ ಬರ್ತಿದ್ದದ್ದೇ ಮಲಾಯಾದಿಂದ, ಜಪಾನಿಯವ್ರು ಅದನ್ನ ಹಿಡಿದಾಗಿಂದ ಅಸಲೀ ಮಾಲೇ ಇಲ್ಲ. ಸೋಲಾಪುರದಿಂದ ಬರೂದ್ರಾಗ ಅರ್ಧಕ್ಕರ್ಧ ಸೀಸಾ. ಏನ್ ಮಾಡ್ಲಿ? ಸೀಸಾನೂ ಥಳಥಳ ಹೊಳೀತದ, ಹೆಣ್ಮಕ್ಳು ಖುಷಿ ಆಗ್ತಾರ. ವಿಷ ಅಂತ ನನಗ ಯಾರರ ಹೇಳ್ಯಾರೇನು? ಗೊತ್ತಿದ್ರ ಅದರ ಹೊಗಿ ನಾನೇ ಕುಡೀತಿದ್ನೇನು?"

ಹಣಮಂತ್ರಾಯರು ಸ್ಟೂಲಿನ ಮೇಲೆ ಕುಳಿತರು. ಸೀಸದ ಕಲಾಯಿ. ಅದರಲ್ಲಿ ಹುಳಿ ಮಜ್ಜಿಗೆ. ಹುಳಿ ಸೀಸವನ್ನು ತಿನ್ನುತ್ತದೆ, ಸೈದಪ್ಪ ಹುಳಿಯನ್ನು ಕುಡಿಯುತ್ತಾನೆ. ಬೋಗುಣಿ ಮಾಸಿದ ಕೂಡಲೇ ಭಾಗಮ್ಮ ಮತ್ತೆ ಹೊಸ ಸೀಸ ಹಚ್ಚಿಸುತ್ತಾಳೆ. ಘತ್ತರಗಿಯಲ್ಲಿ ಮಣ್ಣಿನ ಗಡಿಗೆಯ ನುಚ್ಚು ಉಂಡಾಗ ಅವನು ಎದ್ದು ಕುಳಿತದ್ದೂ ಅದಕ್ಕೇ. ಗೋಡೆಯ ಮೇಲಿನ ಅಕ್ಷರಗಳ ಕಡೆ ನೋಡಿದರು. ಇಷ್ಟು ವರ್ಷ ಒದರಿದ್ದಕ್ಕೆ ಒಬ್ಬಳೇ ಒಬ್ಬಳು ಕಿವಿಗೊಟ್ಟಿದ್ದಳು. ಕಿವಿಗೊಟ್ಟ ತಪ್ಪಿಗೆ ನಾಳೆ ಬಂಡಿ ಏರಲಿದ್ದಳು.

ಮನೆಯೊಳಗೆ ಧಾವಿಸಿ, "ತುಳಜಾ, ಬಾಯಿ ತಗಿ!" ಎಂದು ಕೂಗಿದರು.

"ಮುಂಜಾನಿ ಮುಂಜಾನಿ ನನ್ನ ಬಾಯಿ ಮ್ಯಾಲ ಯಾಕ ಬಿದ್ರಿ?"

ಅವಳ ಒಸಡು ಗುಲಾಬಿ ಬಣ್ಣದ್ದಾಗಿತ್ತು. "ನಾ ಹುಳಿ ಮಜ್ಜಿಗಿ ಮುಟ್ಟಂಗಿಲ್ಲ, ಗೊತ್ತಿಲ್ಲೇನು? ನೀವೇ ಚರಗಿಗಟ್ಟಲೆ ಕುಡಿಯೋರು" ಎಂದು ಗೋಡೆಯ ಕನ್ನಡಿ ಇಳಿಸಿ ಕೈಗೆ ಕೊಟ್ಟಳು. ಹಣಮಂತ್ರಾಯರು ತುಟಿ ಎತ್ತಿ ನೋಡಿಕೊಂಡರು. ಹುಟ್ಟಿದಾಗಿನಿಂದ ಬೇವಿನ ಕಡ್ಡಿ ಬಿಟ್ಟು ಏನೂ ತಾಗದ ಒಸಡು. ಅಲ್ಲಿಯೂ ಅದೇ ನೀಲಿ ಗೆರೆ.

ಸಾವಿರ ಮಂದಿಯ ಬಾಯಿ ತೆರೆಸಿದವರು ತಮ್ಮ ಬಾಯಿಯನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಛಕಡಿ ಕಟ್ಟಿಸಿ, ಒಲ್ಲೆ ಒಲ್ಲೆ ಎನ್ನುವ ಮೌಲಾಲಿಯನ್ನೂ ಏರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಇನ್ನೊಂದು ಸಂಕಟ. ವಿಷ ಬೋಗುಣಿಯಲ್ಲಿದೆ ಎಂದರೆ ಆಯಿತೆ? ಬೋಗುಣಿ ಬಂದದ್ದು ಭಾಗಮ್ಮನ ತವರಿನಿಂದ. ಅದರ ಕಂಠದ ಮೇಲೆ ಅವಳ ಅಪ್ಪನ ಹೆಸರು ಕೊರೆದದ್ದನ್ನು ಒಲೆ ನೋಡಲು ಹೋದಾಗ ಅವರೇ ಕಂಡಿದ್ದರು. ನಿಜ ಹೇಳಿದರೆ ಆ ನಿಜವೇ ಅವಳ ಕೊರಳಿಗೆ ಸುತ್ತಿಕೊಳ್ಳುತ್ತದೆ.

ನಿಂಬರ್ಗಾ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬಂಡಿ ನಾಡದು ಎಂದವರು ಆಗಲೇ ಕಟ್ಟಿ ನಿಲ್ಲಿಸಿದ್ದರು. ಭಾಗಮ್ಮನ ಟ್ರಂಕು ಬಂಡಿಯಲ್ಲಿತ್ತು, ಓಣಿಯ ಜನ ಅಂಗಳದಲ್ಲಿತ್ತು. ಭಾಗಮ್ಮ ಬಾಗಿಲ ಪಕ್ಕ ಗೋಡೆ ನೋಡುತ್ತ ನಿಂತಿದ್ದಳು. ಪಡಸಾಲೆಯಲ್ಲಿ ಮಲಗಿದ್ದ ಸೈದಪ್ಪ ಏಳಲೂ ಆಗದೆ, ಬೇಡ ಎನ್ನಲೂ ಆಗದೆ ಸೂರು ನೋಡುತ್ತಿದ್ದ.

"ಬಂಡಿ ನಿಲ್ಲಸ್ರಿ!" ಹಣಮಂತ್ರಾಯರ ದನಿಗೆ ಎತ್ತುಗಳೂ ಬೆದರಿದವು. ಸೈದಪ್ಪನ ಪಕ್ಕಕ್ಕೆ ಮೌಲಾಲಿಯನ್ನು ಕೂಡಿಸಿ ಇಬ್ಬರ ತುಟಿಯನ್ನೂ ಎತ್ತಿದರು. "ನಿಂಬೆವ್ವ, ಹತ್ರ ಬಂದು ನೋಡು. ಈ ನೀಲಿ ಗೆರಿ ನಿನ್ನ ಮಗನಿಗೂ ಅದ, ಇವನಿಗೂ ಅದ. ಇಬ್ಬರದೂ ಒಂದೇ ಬ್ಯಾನಿ. ಕಲಾಯಿದಾಗ ಸೀಸ ಕೂಡ್ಯಾದ. ಅದು ಹುಳಿಯಾಗ ಇಳದು ಹೊಟ್ಟಿಗಿ ಹೋಗ್ಯಾದ. ಇವನಿಗಿ ಯಾವ ಸೊಸಿ ಮದ್ದು ಹಾಕ್ಯಾಳ, ಹೇಳು!"

ನಿಂಬೆವ್ವ ಮೌಲಾಲಿಯ ಬಾಯಿಯನ್ನು ಬಹಳ ಹೊತ್ತು ನೋಡಿದಳು.

"ಯಾಕ, ನಮ್ಮ ಸೊಸೀನೇ ಹಾಕ್ಯಾಳ" ಎಂದಳು.

"ಏನಂದಿ?"

"ಕಲಾಯಿ ಹಚ್ಚಾಕ ನಮ್ಮ ಅಂಗಳದಾಗೇ ಕೂಡ್ತಿದ್ದ. ಹೋಗಾಗೊಮ್ಮೆ ಆಕಿ ಕೈಲಿಂದ ಮಜ್ಜಿಗಿ ಕುಡದೇ ಹೋಗ್ತಿದ್ದ. ಹೌದಲ್ಲೋ ಮೌಲಾಲಿ?"

ಮೌಲಾಲಿ ಡಾಕ್ಟರ ಕಡೆ, ನಿಂಬೆವ್ವನ ಕಡೆ ನೋಡಿ ತಲೆ ತಗ್ಗಿಸಿದ. "ಹೌದ್ರಿ. ಉರಿ ಮುಂದ ಕುಂತಿರ್ತೇನಿ. ಬೇಟಿ ಪಾಪ, ಕೊಡ್ತಿದ್ಳು."

ಓಣಿಯ ಜನ ಗುಜುಗುಜು ಎಂದಿತು. "ಬೋಗುಣಿ ತೌರ ಮನೀದು, ಅದಕ್ಕೇ!" ಎಂದು ಯಾರೋ ಅಂದರು. ಹಣಮಂತ್ರಾಯರಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಹೈದರಾಬಾದಿನ ವಿದ್ಯೆಯೆಲ್ಲ ಒಂದು ಲೋಟ ಮಜ್ಜಿಗೆಯಲ್ಲಿ ಮುಳುಗಿಹೋಗಿತ್ತು. ಬೇರೆ ದಾರಿ ಕಾಣದೆ, ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಂಗಳದ ಮಂದಿಯೆಲ್ಲ ನೋಡುವಂತೆ ತಮ್ಮ ತುಟಿಯನ್ನೇ ಎತ್ತಿ ಹಿಡಿದರು.

"ನೋಡು. ನನ್ನ ಬಾಯಾಗೂ ನೋಡು."

ನಿಂಬೆವ್ವ ಬಗ್ಗಿದಳು. ಕಣ್ಣು ಕಿರಿದು ಮಾಡಿದಳು. ಬೆರಳು ಮುಂದೆ ಮಾಡಿ ಹಿಂದಕ್ಕೆ ತೆಗೆದಳು.

"ಅದ್ರಿ... ನಿಮಗೂ ಅದ."

"ನಿಮ್ಮ ಮನ್ಯಾಗ ನಾ ಏನರ ತಿಂದೀನೇನು? ನೀರರ ಕುಡದೀನೇನು?"

"ಎಲ್ಲಿ ಕುಡದೀರಿ! ಬಾಯಿಬಿಟ್ಟು ಕರದ್ರೂ ಮುಟ್ಟಲಿಲ್ಲ. ಹೂಜಿ ಹೊತ್ಕೊಂಡು ಬರೋ ಡಾಕ್ಟ್ರಂತ ಊರೆಲ್ಲಾ ಆಡ್ಕೊಂಡು ನಗ್ತದ."

"ಹಂಗಾರ ನನಗ ಹಾಕಿದವ್ರು ಯಾರು?"

ನಿಂಬೆವ್ವ ಮತ್ತೊಮ್ಮೆ ಬಗ್ಗಿ ಗೆರೆ ನೋಡಿದಳು.

"ನಾನೇ ಹಾಕ್ಕೊಂಡೀನಿ" ಎಂದರು ಹಣಮಂತ್ರಾಯರು. "ಕಲಾಯಿ ಹಚ್ಚಸ್ರಿ ಅಂದಾಂವ ನಾ. ಹುಳಿ ಮಜ್ಜಿಗಿ ಕೊಡ್ರಿ ಅಂದಾಂವ ನಾ. ಯಾರೂ ಕೇಳಲಿಲ್ಲ, ಬಚಾವಾದ್ರಿ. ನಿನ್ನ ಸೊಸಿ ಕೇಳಿದ್ಳು. ಬೈಯೂದಿದ್ರ ನನಗ ಬೈ."

ನಿಂಬೆವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆ, ಬಂಡಿಯ ಕಡೆ, ಮಗನ ಕಡೆ ನೋಡಿದಳು. ಬಳಗದ ಮುಖಗಳನ್ನೂ ನೋಡಿದಳು. ಆ ಮುಖಗಳಲ್ಲಿ ಇನ್ನೂ ಶಂಕೆ ಇತ್ತು. ಗೆರೆ ಕಂಡಿದ್ದರು, ಸೀಸ ಕಂಡಿರಲಿಲ್ಲ.

"ನೀವು ಹೇಳೂದು ಖರೇ ಇರಬಹುದ್ರಿ" ಎಂದಳು ಮೆಲ್ಲಗೆ. "ಖರೇ ಅಂದ್ರ, ಆಕಿ ಕೈಲಿಂದ ನೀವು ಉಣ್ರಿ. ಈ ಮಂದಿ ಮುಂದ. ನೀವು ಉಂಡ್ರ ನಾಳಿ ಯಾರೂ ಬಾಯಿ ತಗಿಯಂಗಿಲ್ಲ. ನನ್ನ ಮನಸೂ ತಣ್ಣಗಾಗ್ತದ."

ಹಣಮಂತ್ರಾಯರು ಹೊರಗೆ ನೋಡಿದರು. ಇಷ್ಟು ವರ್ಷ ಕಾಯ್ದುಕೊಂಡು ಬಂದ ನೇಮ. ಛಕಡಿಯಲ್ಲಿ ಹೂಜಿ ಕಾಣುತ್ತಿತ್ತು. ಬಾಗಿಲ ಪಕ್ಕ ಭಾಗಮ್ಮ ಮೊದಲ ಸಲ ತಿರುಗಿ ನೋಡಿದಳು. ಅವಳು ಬೇಡಲಿಲ್ಲ, ಕಣ್ಣೀರನ್ನೂ ಹಾಕಲಿಲ್ಲ. ಅವರು ಏನು ಮಾಡುತ್ತಾರೆಂದು ಸುಮ್ಮನೆ ನೋಡುತ್ತಿದ್ದಳು.

"ಒಲಿ ಹಚ್ಚಬೇ" ಎಂದರು. "ಮಣ್ಣಿನ ಗಡಗ್ಯಾಗ ಮಾಡು. ಹಿತ್ತಾಳಿ ಮುಟ್ಟಬ್ಯಾಡ."

ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಬಿಸಿ ರೊಟ್ಟಿ, ಗಡಿಗೆಯಲ್ಲಿ ಕುದಿಸಿದ ಪುಂಡಿಪಲ್ಯ, ಪಕ್ಕಕ್ಕೆ ಕೆಂಪು ಖಾರ. ಓಣಿಯೆಲ್ಲ ಬಾಗಿಲಲ್ಲಿ ಮುಗಿಬಿದ್ದು ಡಾಕ್ಟರ ಬಾಯಿಯನ್ನೇ ನೋಡುತ್ತಿತ್ತು. ಮೊದಲ ತುತ್ತಿಗೇ ಅವರ ಕಿವಿಯಲ್ಲಿ ಉರಿ ಎದ್ದಿತು.

"ಖಾರ ಜರಾ ಕಮ್ಮಿ ಹಾಕಬೇಕಿತ್ತಲ್ಲ ಯವ್ವಾ."

"ನೀವು ರೋಗಿ ಅಲ್ರಿ, ಉಣ್ಣಾಕ ಬಂದೋರು" ಎಂದಳು ಭಾಗಮ್ಮ. "ಬಂದೋರಿಗಿ ಪಥ್ಯ ಬಡಸಂಗಿಲ್ರಿ." ಹೇಳಿ ಇನ್ನೊಂದು ರೊಟ್ಟಿ ಹಾಕಿದಳು. ಗಾಳಿ ತಾಗಿದ ಕೆಂಡದಂತೆ ಅವಳ ಮುಖ ಹೊಳೆದದ್ದನ್ನು ನಿಂಬೆವ್ವ ನೋಡಿದಳು. ಎದ್ದು ಹೊರಗೆ ಹೋಗಿ, ಯಾರನ್ನೂ ಕರೆಯದೆ ತಾನೇ ಟ್ರಂಕು ಇಳಿಸಿಕೊಂಡು ಬಂದು ಒಳಗೆ ಇಟ್ಟಳು. ಅದು ಭಾರವಿತ್ತು, ಮುದುಕಿ ಏದುಸಿರು ಬಿಟ್ಟಳು. 'ತಪ್ಪಾಯಿತು' ಎಂಬ ಮಾತನ್ನು ಅವಳ ಬಾಯಿಂದ ಯಾರೂ ಕೇಳಲಿಲ್ಲ. ತಾನೂ ಒಂದು ತಾಟು ತಂದು ಸೊಸೆಯ ಮುಂದೆ ಹಿಡಿದು ಕುಳಿತಳು.

ಜುಲಾಬಿನ ಉಪ್ಪು ಕುಡಿದು, ಮಣ್ಣಿನ ಗಡಿಗೆಯ ನುಚ್ಚು ಉಂಡು ಸೈದಪ್ಪ ಮೆಲ್ಲಮೆಲ್ಲಗೆ ಎದ್ದ. ರಾಶಿಯ ಹೊತ್ತಿಗೆ ಕಣದಲ್ಲಿ ನಿಂತಿದ್ದ. ಮೌಲಾಲಿ ತಿದಿಯನ್ನು ಸೂರಿಗೆ ಕಟ್ಟಿ, ಅಸಲೀ ಮಾಲು ಬರುವ ತನಕ ಚಾಕು ಕುಡುಗೋಲು ಸಾಣೆ ಹಿಡಿಯತೊಡಗಿದ. ತುಳಜಾಬಾಯಿ ಹಿತ್ತಾಳೆ ಚರಿಗೆಯನ್ನು ಅಟ್ಟಕ್ಕೆ ಹಾಕಿ ಮಡಿಕೆ ಇಳಿಸಿದಳು. ಹಣಮಂತ್ರಾಯರ ಹೊಕ್ಕುಳ ಸುತ್ತಿನ ನೋವು ಹೋಯಿತು, ಬಾಯಿಯ ರುಚಿ ತಿರುಗಿ ಬಂತು. ಗೋಡೆಗೆ ಸುಣ್ಣ ಬಳಿಸಿ ಹೊಸದಾಗಿ ಬರೆಸಿದರು: ಹುಳಿಯನ್ನು ಮಣ್ಣಿನ ಪಾತ್ರೆಯಲ್ಲಿಯೇ ಇಡಬೇಕು. ಜನ ಅದಕ್ಕೂ ಎಣ್ಣೆ ತಲೆ ಒರಗಿಸಿ ಕುಳಿತಿತು.

ಆರಾಮವಾದ ಹೊಟ್ಟೆಯನ್ನು ಸುಖವಾಗಿ ಇಟ್ಟುಕೊಳ್ಳುವ ಭಾಗ್ಯ ಮಾತ್ರ ಅವರಿಗೆ ಸಿಗಲಿಲ್ಲ. ಡಾಕ್ಟರು ನಿಂಬರ್ಗಾದಲ್ಲಿ ಕಂಬಳಿಯ ಮೇಲೆ ಕುಳಿತು ಉಂಡರು ಎಂಬ ಸುದ್ದಿ ಅವರ ಛಕಡಿಗಿಂತ ಮೊದಲು ಆಳಂದ ಮುಟ್ಟಿತ್ತು. ಮರುವಾರದಿಂದ ಯಾವ ಮನೆಗೆ ಹೋದರೂ ರೋಗಿಯ ನಾಡಿ ಹಿಡಿಯುವ ಮೊದಲು ತಾಟು ಬರುತ್ತಿತ್ತು.

"ಒಲ್ಲೆವ್ವಾ, ನಾ ಎಲ್ಲೂ ಉಣ್ಣಂಗಿಲ್ಲ."

"ಭಾಗಮ್ಮನ ಕೈದು ಉಂಡೀರಿ, ನಮ್ಮ ಕೈ ಏನು ಪಾಪ ಮಾಡ್ಯಾದ್ರಿ? ನಾವೇನು ಮದ್ದು ಹಾಕ್ತೀವೇನು?"

ಒಲ್ಲೆ ಎಂದರೆ ಆ ಮನೆಯ ಹೆಣ್ಣುಮಗಳ ಮೇಲೆ ಓಣಿಯ ಕಣ್ಣು ಬೀಳುತ್ತದೆ. ಬೈಯುತ್ತ ಬೈಯುತ್ತಲೇ ಕೈ ತೊಳೆದುಕೊಂಡು ಕೂಡುತ್ತಿದ್ದರು.

ಒಂದು ಸಂಜೆ ಮೂರು ಹಳ್ಳಿ ತಿರುಗಿ ಮನೆಗೆ ಬಂದವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಗೆ ಒರಗಿದರು. ಹಳೆಯ ಉರಿ ಹಳೆಯ ಜಾಗದಲ್ಲಿ ಬಂದು ಕುಳಿತಿತ್ತು.

"ಏನ್ ಉಂಡ್ರಿ ಇವತ್ತ?" ಎಂದಳು ತುಳಜಾಬಾಯಿ.

"ಏನೂ ಉಂಡಿಲ್ಲ" ಎಂದು ಅವರು ಸಿಡುಕಿದರು. "ರೊಟ್ಟಿ ಮುಟ್ಟೇ ಇಲ್ಲ."

"ಬ್ಯಾರೆ ಏನರ?"

ಹಣಮಂತ್ರಾಯರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಜರಾ ಸುಸಲಾ" ಎಂದರು. "ಎರಡು ಕಡಬು."